ಮತ್ತೋಡಿನ ಗಾಜು, ಜಯನಗರದ ಬಳೆ

ಮಕ್ಕಳೇ, ರಜೆಗೆ ಜಯನಗರದ ಅಜ್ಜಿ ಮನೆಗೆ ಹೋದಾಗ ನಾಲ್ಕನೇ ಬ್ಲಾಕಿನಲ್ಲಿ ಗಾಜಿನ ಬಳೆ ಕೊಂಡಿದ್ದೀರಾ? ಇನ್ನೂರು ವರ್ಷದ ಹಿಂದೆ ಅಲ್ಲಿ ಅಂಗಡಿ ಹಾಗಿರಲಿ, ಜಯನಗರವೇ ಇರಲಿಲ್ಲ. ಅದು ಹುಟ್ಟಿದ್ದು 1948ರಲ್ಲಿ. ಸಾರಕ್ಕಿ, ಯಡಿಯೂರು, ಭೈರಸಂದ್ರಗಳೆಲ್ಲ ಕೆರೆ, ಹೊಲಗಳ ನಡುವಿನ ಹಳ್ಳಿಗಳು. ಬಳೆ ಬೇಕೆಂದರೆ ಪೇಟೆಯ ಬಳೇಪೇಟೆಗೆ ಹೋಗಬೇಕು, ಇಲ್ಲವೇ ಬಳೆಗಾರ ಬರುವ ತನಕ ಕಾಯಬೇಕು. ಅವನ ಹೆಗಲ ಮೇಲೆ ಮಲಾರ, ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಗೊಂಚಲು. ತೊಡಿಸುವಾಗ ಬಳೆ ಒಡೆದರೆ ಅದು ಅವನ ಲೆಕ್ಕಕ್ಕೆ! ತವರಿನ ಸುದ್ದಿಯನ್ನೂ ಹೊತ್ತು ತರುತ್ತಿದ್ದ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿ (1942) ಬರುವ ಬಳೆಗಾರ ಚೆನ್ನಯ್ಯ ಅಂಥವನೇ. ಅಮ್ಮನನ್ನು ಕೇಳಿ, ಹಾಡಿ ತೋರಿಸುತ್ತಾರೆ.

ಆ ಗಾಜನ್ನು ಕಾಸುತ್ತಿದ್ದವರು ಯಾರು? 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ನೋಡಿ ಬರಲು ಕಳಿಸಿತು. ಬೆಳೆ, ಕಸುಬು, ಸಂತೆ, ಸುಂಕ, ಯಾವುದನ್ನೂ ಬಿಡದೆ ಬರೆದುಕೊಂಡವನು ಆತ. ಗೆದ್ದ ನಾಡಿನಿಂದ ಏನು ಗಿಟ್ಟುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತೆನ್ನಿ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನು ಕಂಡ. ಈಗಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆ ಗಾಜಿನ ಕುಲುಮೆಗಳನ್ನು ಕಂಡ.

ಸವಳು ಮಣ್ಣಿನ ಸೋಡಾ, ಬಿಳಿ ಬೆಣಚುಕಲ್ಲಿನ ಪುಡಿ: ಮೂಲ ಸಾಮಗ್ರಿ ಇಷ್ಟೇ. ಇವು ಮೂಸೆಯಲ್ಲಿ ಕರಗಿ ಗಾಜಾಗಬೇಕು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಹೀಗೆ ಐದು ಬಣ್ಣ. ಸೀಸೆ ಮಾಡುವವರು ಕೊಳವೆಯಲ್ಲಿ ಉಸಿರೂದಿ ಗಾಜನ್ನು ಉಬ್ಬಿಸುತ್ತಾರೆ. ಬಳೆಗೆ ಊದುವ ಮಾತೇ ಇಲ್ಲ. ಕಬ್ಬಿಣದ ಸಲಾಕೆಯ ತುದಿಗೆ ಕೆಂಡದಂಥ ಗಾಜಿನ ಮುದ್ದೆ ಹತ್ತಿಸಿ, ನಡುವೆ ತೂತು ಮಾಡಿ, ಶಂಕುವಿನಾಕಾರದ ಮಣ್ಣಿನ ಅಚ್ಚಿಗೆ ಏರಿಸಿ ಬೆಂಕಿಯೆದುರು ಗರಗರ ತಿರುಗಿಸಬೇಕು. ಉಂಗುರ ಹಿಗ್ಗುತ್ತಾ ಬಳೆಯಾಗುತ್ತದೆ. ಎಲ್ಲೂ ಬೆಸುಗೆಯಿಲ್ಲ! ಕೈ ತುಸು ನಿಧಾನವಾಯಿತೋ, ಗಾಜು ಗಟ್ಟಿಯಾಗಿ ಕೆಲಸ ಕೆಟ್ಟಿತು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಆಸ್ಟ್ರಿಯಾದ ಬೊಹೀಮಿಯಾದಿಂದ ನುಣುಪಾದ, ಅಗ್ಗದ ಬಳೆಗಳು ಹಡಗಿನಲ್ಲಿ ಬಂದಿಳಿದವು. ಅವುಗಳ ಎದುರು ನಮ್ಮ ಕುಲುಮೆಗಳು ನಿಲ್ಲಲಿಲ್ಲ. ಲಾಲ್‌ಬಾಗಿನ ಗಾಜಿನ ಮನೆ ಎದ್ದದ್ದೂ ಅದೇ ಕಾಲದಲ್ಲಿ. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಇಟ್ಟವನು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಎಲ್ಲರೂ ಅದನ್ನೇ ಕತ್ತೆತ್ತಿ ನೋಡುತ್ತಾರೆ. ಮತ್ತೋಡಿನ ಹೆಸರು ಮಾತ್ರ ಬೆಂಗಳೂರಿನಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಈಗ ಅಂಗಡಿಗಳಿಗೆ ಬರುವ ಗಾಜಿನ ಬಳೆ ಹೆಚ್ಚಾಗಿ ಉತ್ತರ ಪ್ರದೇಶದ ಫಿರೋಜಾಬಾದಿನದು. ಗೌರಿ ಹಬ್ಬದ ಮೊರದ ಬಾಗಿನಕ್ಕೆ, ಸೀಮಂತದ ಹಸಿರು ಬಳೆಗೆ ಗಾಜಿನದೇ ಬೇಕು. ಪ್ಲಾಸ್ಟಿಕ್ಕಿನದು ತಂದರೆ ಅಜ್ಜಿ ವಾಪಸ್ ಕಳಿಸುತ್ತಾರೆ.