ಸಾವಿರದಲ್ಲಿ ಒಂದು ಪಾಲು

ಕೋಕಾ-ಕೋಲಾದ ಫಾರ್ಮುಲಾ ದೊಡ್ಡ ಗುಟ್ಟು ಅಂತ ನಮಗೆಲ್ಲ ಗೊತ್ತು. ಆದರೆ ಸುಮಾರು ತೊಂಬತ್ತು ವರ್ಷಗಳ ಹಿಂದೆ ಕಂಪನಿಯವರೇ ಅದರಲ್ಲಿ ಏನೇನಿದೆ ಅನ್ನೋ ಪಟ್ಟಿಯನ್ನು ಹೊರಗಿನವರೊಬ್ಬರಿಗೆ ತೋರಿಸಿದ್ದರು. ಅವರು ಕೆಮಿಸ್ಟೂ ಅಲ್ಲ, ಇಂಜಿನಿಯರೂ ಅಲ್ಲ. ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಹೆಸರು ಟೋಬಿಯಾಸ್ ಗೆಫೆನ್.

ಗೆಫೆನ್ ಹುಟ್ಟಿದ್ದು 1870ರಲ್ಲಿ, ಲಿಥುವೇನಿಯಾದ ಕೊವ್ನೊದಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದೊಳಗಿತ್ತು. 1903ರಲ್ಲಿ ಅದೇ ಸಾಮ್ರಾಜ್ಯದ ಕಿಶಿನೆವ್ ನಗರದಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತು. ಆ ವರ್ಷವೇ ಅವರು ಸಂಸಾರ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟರು. ಮೊದಲು ನ್ಯೂಯಾರ್ಕ್, ಆಮೇಲೆ ಒಹಾಯೊದ ಕ್ಯಾಂಟನ್, ಕೊನೆಗೆ 1910ರಲ್ಲಿ ಜಾರ್ಜಿಯಾದ ಅಟ್ಲಾಂಟಾ. ಅಲ್ಲಿನ ಶಿಯರಿತ್ ಇಸ್ರೇಲ್ ಅನ್ನೋ ಪ್ರಾರ್ಥನಾ ಮಂದಿರಕ್ಕೆ ರಬ್ಬಿಯಾದರು.

ಅಟ್ಲಾಂಟಾ ಅಂದರೆ ಯಹೂದಿ ಲೋಕದ ಒಂದು ಮೂಲೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಕೆಲಸ ಮಾಡಬಾರದು ಅಂತ ಯಹೂದಿ ನಿಯಮ ಇದೆ. ಹಳೇ ಊರಲ್ಲಿ ಸುತ್ತಮುತ್ತಲಿನವರೂ ಅದನ್ನೇ ಪಾಲಿಸ್ತಿದ್ದರಿಂದ ಅದು ಸುಲಭ. ಇಲ್ಲಿ ಶನಿವಾರವೇ ಅಂಗಡಿಗೆ ಜನ ಬರೋ ದಿನ. ಹೊಸದಾಗಿ ವಲಸೆ ಬಂದು ಸಣ್ಣ ವ್ಯಾಪಾರ ಮಾಡ್ತಿದ್ದವರು ಬಾಗಿಲು ಹಾಕಿದರೆ ಊಟಕ್ಕೇನು? ಅದರ ಮೇಲೆ ಭಯ ಬೇರೆ. 1915ರಲ್ಲಿ ಲಿಯೋ ಫ್ರಾಂಕ್ ಎಂಬ ಅಟ್ಲಾಂಟಾದ ಯಹೂದಿ ಮ್ಯಾನೇಜರ್‌ನನ್ನು ಗುಂಪೊಂದು ಜೈಲಿನಿಂದ ಎಳೆದುಕೊಂಡು ಹೋಗಿ ನೇಣು ಹಾಕಿತು. ಗೆಫೆನ್ ಊರು ಬಿಡಲಿಲ್ಲ. ಮಕ್ಕಳಿಗೆ ಹೀಬ್ರೂ ಕಲಿಸುವ ವ್ಯವಸ್ಥೆ, ನಿಯಮದ ಪ್ರಕಾರ ಮಾಂಸ ಸಿಗೋ ಹಾಗೆ ನೋಡಿಕೊಳ್ಳೋದು, ಮದುವೆ-ವಿಚ್ಛೇದನದ ತಕರಾರು, ಹೀಗೆ ಎಲ್ಲದಕ್ಕೂ ಅವರೇ ಬೇಕಾಗಿತ್ತು.

ಕೋಕಾ-ಕೋಲಾದ ಕೇಂದ್ರ ಕಚೇರಿಯೂ ಅದೇ ಊರಲ್ಲಿ ತಾನೇ? ಹಾಗಾಗಿ ಬೇರೆ ಊರುಗಳ ರಬ್ಬಿಗಳು ಪತ್ರ ಬರೆದು ಕೇಳೋಕೆ ಶುರು ಮಾಡಿದರು: ಇದನ್ನು ಕುಡಿಯಬಹುದಾ? ಕಂಪನಿಯ ವಕೀಲ ಹೆರಾಲ್ಡ್ ಹಿರ್ಷ್ ನೆರವಿನಿಂದ ಗೆಫೆನ್‌ಗೆ ಪಟ್ಟಿ ಸಿಕ್ಕಿತು, ಯಾರಿಗೂ ಹೇಳಬಾರದು ಅನ್ನೋ ಷರತ್ತಿನ ಮೇಲೆ.

ಸಿಕ್ಕಿಬಿದ್ದಿದ್ದು ಗ್ಲಿಸರಿನ್. ಪಿಯುಸಿಯಲ್ಲಿ ನಾವು ಓದಿದ್ದೇ: ಕೊಬ್ಬಿಗೆ ಕ್ಷಾರ ಸೇರಿಸಿದರೆ ಸೋಪಿನ ಜೊತೆ ಗ್ಲಿಸರಿನ್ ಬರುತ್ತೆ. ಇಲ್ಲಿ ಬಳಸ್ತಿದ್ದ ಗ್ಲಿಸರಿನ್ ದನದ ಕೊಬ್ಬಿನದು. ನಿಯಮದ ಪ್ರಕಾರ ಕೊಯ್ಯದ ದನದ್ದಾದರೆ ಅದು ನಿಷಿದ್ಧ. ಪ್ರಮಾಣ ಎಷ್ಟು? ಸಾವಿರದಲ್ಲಿ ಒಂದು ಪಾಲು.

ನಾವಾಗಿದ್ದರೆ ನೆಗ್ಲಿಜಿಬಲ್ ಅಂತ ಬರೆದು ಮುಂದಿನ ಸ್ಟೆಪ್‌ಗೆ ಹೋಗ್ತಿದ್ವಿ. ಯಹೂದಿ ಶಾಸ್ತ್ರದಲ್ಲೂ ಅಂಥ ದಾರಿ ಇದೆ. ನಿಷಿದ್ಧ ವಸ್ತು ಗೊತ್ತಿಲ್ಲದೆ ಬಿದ್ದು, ಉಳಿದದ್ದು ಅದರ ಅರವತ್ತರಷ್ಟಿದ್ದರೆ ಸಾಮಾನ್ಯವಾಗಿ ಅದು ಲೆಕ್ಕಕ್ಕಿಲ್ಲ. ಆದರೆ ಇಲ್ಲಿ ಗ್ಲಿಸರಿನ್ ತಾನಾಗಿ ಬಿದ್ದಿಲ್ಲ, ಬೇಕು ಅಂತಲೇ ಹಾಕಿದ್ದಾರೆ. ಆದ್ದರಿಂದ ಆ ವಿನಾಯಿತಿ ನಡೆಯಲ್ಲ ಅಂದರು ಗೆಫೆನ್.

ಹಾಗಂತ ನಿಷೇಧ ಹೇರಿದರೆ? ಜನ ಹೇಗೂ ಕುಡೀತಾರೆ, ಅವರನ್ನು ತಡೆಯೋಕಾಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಪ್ಪಿದರೆ ನಿಯಮ ಸುಳ್ಳಾಗುತ್ತೆ, ಬೇಡ ಅಂದರೆ ಜನ ದೂರ ಆಗ್ತಾರೆ. ಅವರು ಎರಡನ್ನೂ ಬಿಟ್ಟು, ಕಚ್ಚಾವಸ್ತುವನ್ನೇ ಬದಲಾಯಿಸಿ ಅಂತ ಕಂಪನಿಯನ್ನು ಕೇಳಿದರು. ಕಂಪನಿ ಒಪ್ಪಿ ಸಸ್ಯಜನ್ಯ ಎಣ್ಣೆಯ ಗ್ಲಿಸರಿನ್‌ಗೆ ಬಂತು. ಅಣು ಅದೇ, ಮೂಲ ಬೇರೆ, ರುಚಿಗೇನೂ ಆಗಲಿಲ್ಲ.

ಇನ್ನೊಂದು ತೊಡಕಿತ್ತು. ಪಾಸ್‌ಓವರ್ ಹಬ್ಬದ ದಿನಗಳಲ್ಲಿ ಹುದುಗಿಸಿದ ಧಾನ್ಯ ಕೂಡದು, ಕೋಕ್‌ನಲ್ಲಿ ಧಾನ್ಯದಿಂದ ಮಾಡಿದ ಆಲ್ಕೋಹಾಲಿನ ಅಂಶ ಇತ್ತು. ಹಬ್ಬದ ವಾರಗಳ ಉತ್ಪಾದನೆಗೆ ಬೇರೆ ಮೂಲದ್ದನ್ನು ಬಳಸೋದಾಗಿ ಅದೂ ಬಗೆಹರಿಯಿತು. 1935ರಲ್ಲಿ ಗೆಫೆನ್ ಹೀಬ್ರೂನಲ್ಲಿ ತೀರ್ಪು ಬರೆದರು. ಕೊಟ್ಟ ಮಾತಿನಂತೆ ಗ್ಲಿಸರಿನ್‌ಗೂ ಆಲ್ಕೋಹಾಲಿಗೂ ಗುಪ್ತ ಹೆಸರು ಇಟ್ಟೇ ಬರೆದರು.

ಶನಿವಾರ ತೆರೆದಿರುತ್ತಿದ್ದ ಅಂಗಡಿಗಳನ್ನೆಲ್ಲ ಮುಚ್ಚಿಸೋಕೆ ಅವರಿಂದ ಆಗಲಿಲ್ಲ. ಆದರೂ 1970ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರು ಇನ್ನೂ ಅಟ್ಲಾಂಟಾದವರೇ. ಅಮೆರಿಕದಲ್ಲಿ ಈಗಲೂ ಪಾಸ್‌ಓವರ್ ಹೊತ್ತಿಗೆ ಹಳದಿ ಮುಚ್ಚಳದ ಕೋಕ್ ಬಾಟಲಿಗಳು ಬರುತ್ತವೆ. ಒಳಗೆ ಜೋಳದ ಸಿರಪ್ ಬದಲು ಸಕ್ಕರೆ ಇರುತ್ತೆ.