ಕಿತ್ತೂರಿನ ಮದ್ದಿಗೆ ಸಗಣಿ ಬೆರೆಸಿದ್ದು ಯಾರು? ಚೆನ್ನಮ್ಮನ ಬದುಕು ಕೇಳುವ ಪ್ರಶ್ನೆಯೇ ಬೇರೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು 2021ರಿಂದ ಸರಕಾರಿ ಕಾಗದದಲ್ಲಿ ‘ಕಿತ್ತೂರು ಕರ್ನಾಟಕ’ದ ಭಾಗ. ಮೊದಲು ಮುಂಬೈ ಕರ್ನಾಟಕ ಅನ್ನುತ್ತಿದ್ದರು. ಹೆಸರು ಬದಲಾಯಿತು, ಕತೆ ಮಾತ್ರ ಬದಲಾಗಿಲ್ಲ. ಕಿತ್ತೂರು ಯಾಕೆ ಸೋತಿತು ಅಂತ ಈ ಕಡೆ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತೆ: ಒಳಗಿನವರೇ ದ್ರೋಹ ಮಾಡಿದರು, ಮದ್ದಿಗೆ ಸಗಣಿ ಬೆರೆಸಿದರು, ಫಿರಂಗಿ ಹಾರಲಿಲ್ಲ. ಬೆರೆಸಿದವನ ಹೆಸರು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತೆ. ಕೆಲವರ ಕತೆಯಲ್ಲಿ ಸಗಣಿ ಹೋಗಿ ರಾಗಿ ಬರುತ್ತೆ. ದ್ರೋಹ ಮಾತ್ರ ಎಲ್ಲ ಕತೆಯಲ್ಲೂ ಇರುತ್ತೆ.

ಈ ಕತೆ ಸುಳ್ಳು ಅಂತ ಇಲ್ಲಿ ವಾದ ಮಾಡ್ತಿಲ್ಲ. ಆದರೆ ಚೆನ್ನಮ್ಮನ ಬದುಕನ್ನು ಮೊದಲಿಂದ ನೋಡಿದರೆ, ಕಿತ್ತೂರಿನ ಸೋಲನ್ನು ಒಂದು ಹಿಡಿ ಸಗಣಿಯ ಮೇಲೆ ಹೊರಿಸೋದು ಕಷ್ಟವಾಗುತ್ತೆ.

ಕಾಕತಿಯ ಹುಡುಗಿ, ಕಿತ್ತೂರಿನ ರಾಣಿ

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿಯಿಂದ ಹುಕ್ಕೇರಿ, ಸಂಕೇಶ್ವರದ ಕಡೆ ಹೋಗುವ ದಾರಿಯಲ್ಲಿರುವ ಕಾಕತಿಯಲ್ಲಿ. ಕುದುರೆ ಸವಾರಿ, ಕತ್ತಿವರಸೆ, ಬಿಲ್ವಿದ್ಯೆ ಚಿಕ್ಕಂದಿನಲ್ಲೇ ಕಲಿತಳು ಅಂತ ಜನ ಹೇಳ್ತಾರೆ. ಮದುವೆಯಾಗಿದ್ದು ಕಿತ್ತೂರಿನ ದೇಸಾಯಿ ಮಲ್ಲಸರ್ಜನನ್ನು. ಹಿರಿಯ ರಾಣಿ ರುದ್ರಮ್ಮ ಆಗಲೇ ಇದ್ದಳು. ಒಂದು ಕಡೆ ಪೇಶ್ವೆ, ಇನ್ನೊಂದು ಕಡೆ ಮೈಸೂರು, ಆಮೇಲೆ ಕಂಪನಿ. ಇವರ ನಡುವೆ ಬಾಗಿ, ಎದ್ದು, ಮತ್ತೆ ಬಾಗಿ ಬದುಕಿದ ಸಣ್ಣ ಸಂಸ್ಥಾನ ಅದು. ಪೇಶ್ವೆ ಮಲ್ಲಸರ್ಜನನ್ನು ಪುಣೆಯಲ್ಲಿ ಸೆರೆ ಇಟ್ಟ. ಬಿಡುಗಡೆಯಾದ ಮಲ್ಲಸರ್ಜ 1816ರಲ್ಲಿ ತೀರಿಕೊಂಡ.

ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. ಇಲ್ಲೊಂದು ಸಂಗತಿಯನ್ನು ನಮ್ಮ ಭಾಷಣಗಳು ಮರೆಯುತ್ತವೆ. 1818ರಲ್ಲಿ ಥಾಮಸ್ ಮನ್ರೋ ಪೇಶ್ವೆಯ ಕೈಯಿಂದ ಬೆಳಗಾವಿ ಕೋಟೆ ಕಸಿದುಕೊಳ್ಳಲು ಬಂದಾಗ ಅವನಿಗೆ ನೆರವಾಗಿದ್ದು ಇದೇ ಕಿತ್ತೂರು. ಅದಕ್ಕೆ ಪ್ರತಿಯಾಗಿ, ಕಪ್ಪ ಕಟ್ಟುವ ಷರತ್ತಿನ ಮೇಲೆ ಸಂಸ್ಥಾನ ಉಳಿಯಿತು. ಕಂಪನಿಯನ್ನು ನಂಬಿದ್ದು ಯಾರೋ ಒಬ್ಬ ದ್ರೋಹಿ ಅಲ್ಲ, ಇಡೀ ಅರಮನೆ. ಆ ನಂಬಿಕೆಯ ಬಾಳಿಕೆ ಆರೇ ವರ್ಷ.

1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ತೀರಿಕೊಂಡ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತಗೊಂಡಿದ್ದನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಡಾಲ್‌ಹೌಸಿಯ ಹೆಸರಿನ ಜೊತೆ ನಾವು ಓದುವ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿ ಬರೋಕೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಇತ್ತು. ಅದರ ಮೊದಲ ರುಚಿ ಕಿತ್ತೂರು ನೋಡಿತು. ಥ್ಯಾಕರೆ ಖಜಾನೆಗೆ ಮುದ್ರೆ ಒತ್ತಿದ, ಆಡಳಿತಕ್ಕೆ ತನ್ನ ಜನರನ್ನು ಕೂರಿಸಿದ.

43 ದಿನ

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆ ಫಿರಂಗಿ ಇಟ್ಟು ಒಡೆಯಲು ಹೊರಟ. ಬಾಗಿಲು ತೆರೆದು ಕಿತ್ತೂರಿನವರೇ ಹೊರಗೆ ನುಗ್ಗಿದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಸತ್ತ. ಅವನ ಜೊತೆ ಬಂದಿದ್ದ ಫಿರಂಗಿ ದಳದ ಅಧಿಕಾರಿಗಳೂ ಸತ್ತರು. ಸ್ಟೀವನ್‌ಸನ್, ಎಲಿಯಟ್ ಎಂಬಿಬ್ಬರು ಸೆರೆಯಾದರು. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ನಡುವೆ ಇದ್ದದ್ದು 43 ದಿನ.

ಆ 43 ದಿನಗಳಲ್ಲಿ ಮದ್ದಿನ ಮನೆ ಅಂದರೆ ಏನು ಅಂತ ಯೋಚಿಸಿ. ಪೆಟ್ಲುಪ್ಪು, ಇದ್ದಿಲು, ಗಂಧಕ: ಮದ್ದಿನಲ್ಲಿ ಇರೋದು ಈ ಮೂರೇ. ಆದರೆ ಒಂದು ಮಡಕೆಯ ಮದ್ದು ಇನ್ನೊಂದರ ಹಾಗೆ ಇರಲ್ಲ. ಪೆಟ್ಲುಪ್ಪು ಶುದ್ಧವಾಗಿರದಿದ್ದರೆ ಮಳೆಗಾಲದಲ್ಲಿ ತೇವ ಹೀರುತ್ತೆ. ಇದ್ದಿಲು ಯಾವ ಮರದ್ದು ಅನ್ನೋದರ ಮೇಲೆ ಉರಿಯುವ ವೇಗ ಬದಲಾಗುತ್ತೆ. ಕಾಳು ಸಣ್ಣದಿದ್ದರೆ ಬೇಗ ಉರಿಯುತ್ತೆ, ದೊಡ್ಡದಿದ್ದರೆ ನಿಧಾನ. ಬಂದೂಕಿಗೆ ಸರಿಹೋಗುವ ಸಣ್ಣ ಕಾಳಿನ ಮದ್ದನ್ನು ಅದೇ ಲೆಕ್ಕದಲ್ಲಿ ಫಿರಂಗಿಗೆ ತುಂಬಿದರೆ ಫಿರಂಗಿಯೇ ಸೀಳಬಹುದು, ಪಕ್ಕದಲ್ಲಿ ನಿಂತವನೇ ಸಾಯಬಹುದು. ತೇವ ಹಿಡಿದ ಮದ್ದು ತುಂಬಿದರೆ ಗುಂಡು ಗೋಡೆ ದಾಟಿ ಅಲ್ಲೇ ಬೀಳುತ್ತೆ.

ಹಾಗಾಗಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಮದ್ದಿಗೆ, ಅದು ಪೇಟೆಯಲ್ಲಿ ಕೊಂಡಿದ್ದಿರಲಿ, ಹಳೇ ದಾಸ್ತಾನಿರಲಿ, ಶತ್ರುವಿನಿಂದ ಸಿಕ್ಕಿದ್ದಿರಲಿ, ಒಂದೇ ನಿಯಮ: ನಂಬಬೇಡ, ನೋಡು. ಒಂದು ಚಿಟಿಕೆ ಕಾಗದದ ಮೇಲೆ ಸುಟ್ಟರೆ ಒಳ್ಳೇ ಮದ್ದು ಥಟ್ಟನೆ ಹಾರಿಹೋಗುತ್ತೆ, ಕೆಟ್ಟದ್ದು ಕಪ್ಪು ಮಸಿ ಬಿಡುತ್ತೆ. ಆಮೇಲೆ ಕಡಿಮೆ ಪ್ರಮಾಣದಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಏರಬೇಕು. ಹೊಸ ಕಾಲದ ಮದ್ದಿಗೆ ಮಾತ್ರ ಈ ಪರೀಕ್ಷೆ ಸಾಲದು: ತಾವೇ ತೋಟಾ ತುಂಬುವ ಹೊರದೇಶದ ಬೇಟೆಗಾರರಿಗೆ ಇವತ್ತಿನ ಪಾಠ, ಯಾವುದೆಂದು ಖಚಿತವಿಲ್ಲದ ಮದ್ದನ್ನು ಬಳಸಲೇಬಾರದು ಅನ್ನೋದು. (ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.)

ಕಂಪನಿಯ ಶಕ್ತಿ ಇದ್ದದ್ದು ಇಲ್ಲೇ. ಗುಂಡಿನ ವೇಗವನ್ನು ಲೋಲಕದಿಂದ ಅಳೆದು ಮದ್ದಿನ ಬಲ ಲೆಕ್ಕಹಾಕುವ ವಿಧಾನವನ್ನು 1742ರಲ್ಲೇ ಪ್ರಕಟಿಸಿದ್ದ ಬೆಂಜಮಿನ್ ರಾಬಿನ್ಸ್, ಮುಂದೆ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಇಂಡಿಯಾಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡವನು. ಕಂಪನಿಯವರು ನಮಗಿಂತ ಧೈರ್ಯವಂತರಾಗಿರಲಿಲ್ಲ. ಅವರ ಹತ್ತಿರ ಮದ್ದನ್ನು ಅಳೆಯುವ, ಬರೆದಿಡುವ, ಕೆಟ್ಟದ್ದನ್ನು ಪಕ್ಕಕ್ಕಿಡುವ ವ್ಯವಸ್ಥೆ ಇತ್ತು. ಒಬ್ಬ ಬೆರಕೆ ಮಾಡಿದರೂ ಇನ್ನೊಬ್ಬನ ಕೈಯಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಇತ್ತು.

ಈಗ ಸಗಣಿಯ ಕತೆಗೆ ಬನ್ನಿ. ಅದು ನಿಜ ಅಂತಲೇ ಇಟ್ಟುಕೊಳ್ಳಿ. ಆಗಲೂ ಒಬ್ಬ ಬೆರೆಸಿದ ಅನ್ನೋದು ಅರ್ಧ ಮಾತು. ಯುದ್ಧದ ದಿನದವರೆಗೆ ಯಾರೂ ಸುಟ್ಟು ನೋಡಲಿಲ್ಲ ಅನ್ನೋದು ಇನ್ನರ್ಧ. ಹೊರಗೆ ಬೇರೆ ಬೇರೆ ಕಡೆಯಿಂದ ಬಂದ ದೊಡ್ಡ ಸೈನ್ಯ, ಭಾರೀ ಫಿರಂಗಿಗಳು. ಒಳಗೆ ಒಂದು ಸಂಸ್ಥಾನದ ಜನ. ಸಂಧಾನದ ಆಸೆಯಲ್ಲಿ ಸೆರೆಯಾಳುಗಳನ್ನು ಬಿಟ್ಟುಕೊಟ್ಟರೂ ಮುತ್ತಿಗೆ ನಿಲ್ಲಲಿಲ್ಲ. ಆ ಕದನದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ. ಕಿತ್ತೂರು ಸುಮ್ಮನೆ ಶರಣಾಗಲಿಲ್ಲ ಅನ್ನೋದಕ್ಕೆ ಅದೂ ಸಾಕ್ಷಿ.

ಸೋಲಿನ ನಂತರ

ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು, ಸಮಾಧಿಯೂ ಅಲ್ಲೇ ಇದೆ. ಅವಳ ನಂತರ ಸಂಗೊಳ್ಳಿ ರಾಯಣ್ಣ ಕಾಡಿನಿಂದ ಹೋರಾಡಿದ. ಊರಿನವರಿಂದಲೇ ಸಿಕ್ಕಿಬಿದ್ದು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ.

ಮುಂದಿನ ಬಾರಿ ಆಳುವವರು ಯುದ್ಧದವರೆಗೆ ಕಾಯಲಿಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಜನರ ಕೈಯಲ್ಲಿದ್ದ ಆಯುಧವನ್ನೇ ಕೇಳಿದರು. ಮೂಡಲಗಿಯ ನೆರೆಯ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಕೊಡಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, 19 ಜನ ಗಲ್ಲಿಗೇರಿದರು. ಹಲಗಲಿಯವರನ್ನು ಕೆಡವಿದ್ದು ದ್ರೋಹಿಯಲ್ಲ, ಕಾಯ್ದೆ ಮತ್ತು ಸೈನ್ಯ.

2007ರಲ್ಲಿ ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಮೂರ್ತಿ ನಿಂತಿತು. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತೆ. ವೇದಿಕೆ ಮೇಲೆ ದ್ರೋಹಿಗಳನ್ನು ಬೈಯೋದು ಸುಲಭ, ಚಪ್ಪಾಳೆಯೂ ಬೀಳುತ್ತೆ. ಇವತ್ತಿನ ರಾಜಕೀಯದಲ್ಲಂತೂ ದ್ರೋಹಿ ಅನ್ನೋ ಪದದಷ್ಟು ಅಗ್ಗದ ಮದ್ದು ಬೇರೆ ಇಲ್ಲ. ಚಳವಳಿ ಸೋತರೆ ದ್ರೋಹಿ, ಪಕ್ಷ ಒಡೆದರೆ ದ್ರೋಹಿ, ಪ್ರಶ್ನೆ ಕೇಳಿದವನೂ ದ್ರೋಹಿ.

ಸಂಘಟನೆ ಕಟ್ಟುವ ಹುಡುಗ ಹುಡುಗಿಯರು ಚೆನ್ನಮ್ಮನಿಂದ ಧೈರ್ಯ ಕಲಿಯಲಿ. 1818ರ ಅರಮನೆಯಿಂದ, ಬಲಾಢ್ಯರ ಜೊತೆ ಮಾಡಿಕೊಂಡ ಒಪ್ಪಂದ ಎಷ್ಟು ದಿನ ಬಾಳುತ್ತೆ ಅನ್ನೋದನ್ನು ಕಲಿಯಲಿ. ಮದ್ದಿನ ಮನೆಯಿಂದ, ಲೆಕ್ಕ ಕೇಳೋದು ಅಪನಂಬಿಕೆ ಅಲ್ಲ ಅನ್ನೋದನ್ನೂ ಕಲಿಯಲಿ. ಹಣದ ಲೆಕ್ಕ, ಮೈತ್ರಿಯ ಲೆಕ್ಕ, ನಾಯಕರ ಮಾತಿನ ಲೆಕ್ಕ, ಇವನ್ನೆಲ್ಲ ಒಂದು ಚಿಟಿಕೆ ಸುಟ್ಟು ನೋಡಬೇಕು. ಅದೂ ಬಾಗಿಲಿಗೆ ಫಿರಂಗಿ ಬಂದು ನಿಲ್ಲುವ ಮೊದಲೇ.