ಶ್ರೀಮತಿ ರುಕ್ಮಿಣಿದೇವಿ ಅರುಂಡೇಲ್ (1904-1986)

ವಿಜಯಪುರ ನಗರ ಹಾಗೂ ತಿಕೋಟಾ, ಬಬಲೇಶ್ವರ ತಾಲೂಕುಗಳಲ್ಲಿ ಬೀದಿ ನಾಯಿಗಳ ಕುರಿತು ಸಾರ್ವಜನಿಕರು ಸಲ್ಲಿಸುವ ಅರ್ಜಿಗಳನ್ನು ಯಾವ ಕಾನೂನಿನ ಚೌಕಟ್ಟಿನಲ್ಲಿ ಪರಿಶೀಲಿಸಲಾಗುತ್ತದೆಯೋ, ಆ ಕಾನೂನಿಗೆ ಮೂಲ ಪ್ರೇರಣೆಯಾದವರು ಶ್ರೀಮತಿ ರುಕ್ಮಿಣಿದೇವಿ ಅರುಂಡೇಲ್‌ರವರು. ನಾಡಿನ ಜನತೆ ಅವರನ್ನು ಭರತನಾಟ್ಯ ಕಲಾವಿದೆಯೆಂದೇ ಹೆಚ್ಚಾಗಿ ಬಲ್ಲರು. ಪ್ರಾಣಿಗಳ ಪರವಾಗಿ ಅವರು ಮಾಡಿದ ಕಾರ್ಯವು ಅಷ್ಟಾಗಿ ಪ್ರಚಾರ ಪಡೆಯದಿರುವುದು ವಿಷಾದದ ಸಂಗತಿ.

ರುಕ್ಮಿಣಿದೇವಿಯವರು 1904ರ ಫೆಬ್ರವರಿ 29ರಂದು ಮಧುರೆಯಲ್ಲಿ ಜನಿಸಿದರು. ತಂದೆ ನೀಲಕಂಠ ಶಾಸ್ತ್ರಿಗಳು ವೃತ್ತಿಯಿಂದ ಎಂಜಿನಿಯರ್ ಆಗಿದ್ದು, ಥಿಯಸಾಫಿಕಲ್ ಸೊಸೈಟಿಯ ಅನುಯಾಯಿಗಳಾಗಿದ್ದರು. 1920ರಲ್ಲಿ ಜಾರ್ಜ್ ಅರುಂಡೇಲ್‌ರವರನ್ನು ವಿವಾಹವಾದದ್ದು ಅಂದಿನ ಮದರಾಸಿನ ಸಂಪ್ರದಾಯಸ್ಥರಲ್ಲಿ ದೊಡ್ಡ ಕೋಲಾಹಲವನ್ನೇ ಉಂಟುಮಾಡಿತು. 1935ರಲ್ಲಿ ಅಡ್ಯಾರ್‌ನಲ್ಲಿ ಸಾರ್ವಜನಿಕವಾಗಿ ನೃತ್ಯ ಪ್ರದರ್ಶನ ನೀಡಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. 1956ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶಿತರಾದ ತರುವಾಯ ಅವರ ಜೀವನದ ಎರಡನೆಯ ಅಧ್ಯಾಯವು ಆರಂಭವಾಯಿತು. ಆಗ ಜಾರಿಯಲ್ಲಿದ್ದುದು 1890ರ ಬ್ರಿಟಿಷ್ ಕಾಲದ ಕಾಯ್ದೆ. ಅದರಲ್ಲಿ ಪ್ರಾಣಿಯೆಂದರೆ ಸಾಕಿದ ಅಥವಾ ಸೆರೆಹಿಡಿದ ಪ್ರಾಣಿ ಮಾತ್ರ. ಒಡೆಯನಿಲ್ಲದೆ ಬೀದಿಯಲ್ಲಿ ಬದುಕುವ ಜೀವಿಗೆ ಅದರಿಂದ ದೊರೆಯುತ್ತಿದ್ದ ರಕ್ಷಣೆ ಅತ್ಯಲ್ಪವಾಗಿತ್ತು. ರುಕ್ಮಿಣಿದೇವಿಯವರು ಈ ವಿಷಯದಲ್ಲಿ ಖಾಸಗಿ ವಿಧೇಯಕವನ್ನು ಮಂಡಿಸಿ ಸದನದ ಮನ ಕಲಕುವಂತೆ ಮಾತನಾಡಿದರು. ಸರ್ಕಾರವೇ ಸಮಗ್ರ ವಿಧೇಯಕವನ್ನು ತರುವುದಾಗಿ ಪ್ರಧಾನಿ ನೆಹರೂರವರು ಭರವಸೆ ನೀಡಿದ್ದರಿಂದ ತಮ್ಮ ವಿಧೇಯಕವನ್ನು ಹಿಂಪಡೆದರು. ಭರವಸೆ ಕಾಯ್ದೆಯಾಗಿ ಬರಲು ವರ್ಷಗಳೇ ಹಿಡಿದವು. ಕೊನೆಗೆ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ 1960 ಅಂಗೀಕಾರವಾಯಿತು. ಮನುಷ್ಯನನ್ನು ಹೊರತುಪಡಿಸಿ ಸಕಲ ಜೀವಿಗಳೂ ಅದರ ವ್ಯಾಪ್ತಿಗೆ ಬಂದವು.

ಆದರೆ ಬೀದಿ ನಾಯಿಯ ಪಾಲಿಗೆ ಈ ಕಾಯ್ದೆಯೂ ಅರ್ಧ ಬಾಗಿಲನ್ನಷ್ಟೇ ತೆರೆಯಿತು. ಬೀದಿ ನಾಯಿಗಳನ್ನು ಮಾರಕ ಕೋಣೆಗಳಲ್ಲಿ ಕೊಲ್ಲುವುದು ಕ್ರೌರ್ಯವಲ್ಲವೆಂದು 11ನೇ ಪ್ರಕರಣದಲ್ಲಿಯೇ ವಿನಾಯಿತಿ ಉಳಿದುಕೊಂಡಿತು. ಮೊದಲ ಅಪರಾಧಕ್ಕೆ ನಿಗದಿಪಡಿಸಿದ ದಂಡ 10 ರಿಂದ 50 ರೂಪಾಯಿಗಳು ಮಾತ್ರ. ಅಂದಿನ ಕಾಲಕ್ಕೂ ಅದು ದೊಡ್ಡ ಮೊತ್ತವೇನಲ್ಲ.

ಕಾಯ್ದೆಯ ಅನ್ವಯ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಮದರಾಸಿನಲ್ಲಿ ಸ್ಥಾಪನೆಗೊಂಡಿತು. ರುಕ್ಮಿಣಿದೇವಿಯವರು ಅದರ ಪ್ರಥಮ ಅಧ್ಯಕ್ಷರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. 1977ರಲ್ಲಿ ಮೊರಾರ್ಜಿ ದೇಸಾಯಿಯವರು ರಾಷ್ಟ್ರಪತಿ ಹುದ್ದೆಗೆ ಅವರ ಹೆಸರನ್ನು ಸೂಚಿಸಲು ಮುಂದಾದಾಗ ವಿನಯದಿಂದ ನಿರಾಕರಿಸಿದರು. 1986ರ ಫೆಬ್ರವರಿ 24ರಂದು ನಿಧನರಾದರು.

ಅವರು ಬಿಟ್ಟುಹೋದ ಕಾಯ್ದೆಯಿಂದಲೇ ಮುಂದಿನ ನಿಯಮಗಳು ಹುಟ್ಟಿದವು. ಇತ್ತ ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್‌ರವರು ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು. 2001ರಲ್ಲಿ ಕೇಂದ್ರ ಸರ್ಕಾರವು ನಾಯಿಗಳ ಜನನ ನಿಯಂತ್ರಣ ನಿಯಮಗಳನ್ನು ಹೊರಡಿಸಿತು. ಅದರ ಸ್ಥಾನದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಂದಿವೆ. ಇವುಗಳ ಪ್ರಕಾರ ನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸಿ, ರೇಬೀಸ್ ಲಸಿಕೆ ಹಾಕಿ, ಕಿವಿಯಲ್ಲಿ ಗುರುತು ಮಾಡಿ, ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದು. ಒಂದು ಓಣಿಯ ನಾಯಿಗಳನ್ನು ಊರ ಹೊರಗೆ ಸಾಗಿಸಿದಲ್ಲಿ, ಅಲ್ಲಿನ ಕಸದ ರಾಶಿಗೆ ಲಸಿಕೆ ಕಾಣದ ಬೇರೆ ನಾಯಿಗಳು ಬಂದು ಸೇರುತ್ತವೆ. ಶಾಲೆ, ಆಸ್ಪತ್ರೆ, ಬಸ್ ಹಾಗೂ ರೈಲು ನಿಲ್ದಾಣ ಮುಂತಾದ ಆವರಣಗಳಿಂದ ಹಿಡಿದ ನಾಯಿಗಳನ್ನು ಮಾತ್ರ ಮರಳಿ ಅಲ್ಲಿಯೇ ಬಿಡದೆ ಆಶ್ರಯ ತಾಣಗಳಿಗೆ ಸೇರಿಸುವಂತೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ನಿರ್ದೇಶಿಸಿತು.

ಬಸವಣ್ಣನವರು ಹುಟ್ಟಿದ ಜಿಲ್ಲೆಗೆ ದಯೆಯ ಮಾತು ಹೊಸದಲ್ಲ. ಆದರೂ ಮಗುವಿಗೆ ನಾಯಿ ಕಚ್ಚಿದ ಮನೆಯವರ ಆತಂಕ ಸಣ್ಣದಲ್ಲ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ನಂತರ ಬದುಕುಳಿಯುವುದು ಅತಿ ವಿರಳ. ಆದ್ದರಿಂದ ಗಾಯವನ್ನು ಕೂಡಲೇ ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬ ಮಾಡದೆ ಆಸ್ಪತ್ರೆಯಲ್ಲಿ ಲಸಿಕೆ ಪಡೆಯತಕ್ಕದ್ದು. ಸಿಟ್ಟಿನಿಂದ ನಾಯಿಗಳಿಗೆ ವಿಷವಿಕ್ಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಪ್ರಕರಣದಡಿ 5 ವರ್ಷಗಳವರೆಗಿನ ಕಾರಾವಾಸಕ್ಕೆ ಗುರಿಯಾಗಬಹುದಾದ ಅಪರಾಧವಾಗಿರುತ್ತದೆ.

ನಗರದಲ್ಲಿ ಮಹಾನಗರ ಪಾಲಿಕೆಗೆ, ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ಆಯಾ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸುವವರು ಓಣಿಯ ಹೆಸರು, ನಾಯಿಗಳ ಅಂದಾಜು ಸಂಖ್ಯೆ ಹಾಗೂ ಅವುಗಳ ಕಿವಿಯಲ್ಲಿ ಗುರುತು ಇದೆಯೇ ಎಂಬುದನ್ನು ನಮೂದಿಸಿದಲ್ಲಿ, ಶಸ್ತ್ರಚಿಕಿತ್ಸೆ ಆಗದ ನಾಯಿಗಳನ್ನು ಗುರುತಿಸಲು ಅನುಕೂಲವಾಗುತ್ತದೆ.